ಹೊಳೆಯ ಕಡೆಗೆ ಮುಖ

ಅತ್ತೆಗೆ 75 ತುಂಬಿದಾಗ ಮಕ್ಕಳು ಸಭಾಭವನ ಹಿಡಿಯಲಿಲ್ಲ, ಆಲಪ್ಪುಳದಲ್ಲಿ ಒಂದು ಹೌಸ್‌ಬೋಟ್ ಹಿಡಿದರು. ಹೊನ್ನಾವರದಿಂದ ರಾತ್ರಿ ರೈಲು ಹತ್ತಿದ ನಾವು 18 ಮಂದಿ ಮರುದಿನ ಪುನ್ನಮಡದ ಕಟ್ಟೆಯಿಂದ ದೋಣಿಗೆ ಕಾಲಿಟ್ಟೆವು. ಮಕ್ಕಳು ನೇರ ಮಾಳಿಗೆಗೆ ಓಡಿದವು. ಅತ್ತೆ ಮಾತ್ರ ಅಲ್ಲೇ ಬಗ್ಗಿ, ದೋಣಿಯ ಒಳಮೈ ಮೇಲೆ ಬೆರಳಾಡಿಸಿದರು. ಹಲಗೆಗೆ ಹಲಗೆ ಕೂಡುವಲ್ಲೆಲ್ಲ ಕತ್ತದ ಹಗ್ಗದ ಹೊಲಿಗೆ, ಅದರ ಮೇಲೆ ಕಪ್ಪು ಎಣ್ಣೆ. "ಇದ್ಕೆ ಮೊಳೆನೇ ಇಲ್ವಲ್ಲ ತಮಾ," ಎಂದರು.

ಇಲ್ಲ. ಅದಕ್ಕೇ ಅದು ಕೆಟ್ಟುವಳ್ಳಂ. ಕನ್ನಡದ ಕಿವಿಗೆ ಹೆಸರು ಬೇರೇನೋ ಅನ್ನಿಸಿದರೂ ಮಲಯಾಳದ ಕೆಟ್ಟು ಎಂದರೆ ನಮ್ಮ ಕಟ್ಟು. ವಳ್ಳಂ ಎಂದರೆ ದೋಣಿ. ಹೆಬ್ಬಲಸಿನ ಹಲಗೆಗಳಿಗೆ ತೂತು ಕೊರೆದು, ಸಂದಿಗೆ ತೆಂಗಿನ ನಾರು ತುರುಕಿ, ಕತ್ತದ ಹಗ್ಗದಲ್ಲಿ ಬಿಗಿದು ಹೊಲಿದು, ಮೇಲೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಾರೆ. ಕಬ್ಬಿಣದ ಮೊಳೆ ಉಪ್ಪುನೀರಿಗೆ ತುಕ್ಕು ಹಿಡಿಯುತ್ತದೆ. ಹಗ್ಗವೋ, ದೋಣಿ ಅಲುಗಿದಂತೆ ತಾನೂ ಅಲುಗುತ್ತದೆ. ಸವೆದರೆ ಬಿಚ್ಚಿ ಮತ್ತೆ ಹೊಲಿದರಾಯಿತು. ಇದು ಪಡುವಣ ಕಡಲಿನ ಬಲು ಹಳೆಯ ವಿದ್ಯೆ. 2025ರ ಮೇ ತಿಂಗಳಲ್ಲಿ ನಮ್ಮ ಕಾರವಾರದಲ್ಲಿ ನೌಕಾಪಡೆ ಸೇರಿದ 'ಕೌಂಡಿನ್ಯ' ಹಡಗನ್ನೂ ಅಜಂತಾದ ಚಿತ್ರವೊಂದರ ಮಾದರಿಯಲ್ಲಿ ಹೀಗೆಯೇ ಹೊಲಿದು ಕಟ್ಟಿದ್ದು. ಕಟ್ಟಿದವರು ಕೇರಳದ ಕುಶಲಕರ್ಮಿಗಳು.

ಈ ದೋಣಿಗಳು ಹುಟ್ಟಿದ್ದು ನೆಂಟರನ್ನು ಕೂರಿಸಲಿಕ್ಕಲ್ಲ. ಆಲಪ್ಪುಳದ ಸುತ್ತಣ ಕುಟ್ಟನಾಡಿನ ಭತ್ತ, ತೆಂಗು, ಸಂಬಾರ ಜೀನಸುಗಳನ್ನು ಪೇಟೆಗೆ ಸಾಗಿಸಲಿಕ್ಕೆ. ದೊಡ್ಡದೊಂದು ದೋಣಿ ಸುಮಾರು 30 ಟನ್ ಹೊರುತ್ತಿತ್ತು. ಆಳುಗಳು ಗಳ ಊರಿ ನೂಕುತ್ತಿದ್ದರು. ರಸ್ತೆ ಬಂತು, ಸೇತುವೆ ಬಂತು, ಲಾರಿ ಬಂತು. ದೋಣಿಗಳು ದಡದಲ್ಲಿ ಕೊಳೆಯತೊಡಗಿದವು. ಭತ್ತ ತುಂಬುತ್ತಿದ್ದ ಜಾಗದಲ್ಲಿ ಮಂಚ ಹಾಕಿ, ಬಿದಿರು ತಟ್ಟಿಯ ಸೂರು ಹೊದಿಸಿ, ಪ್ರವಾಸಿಗರನ್ನು ಕೂರಿಸಿದ್ದು 1990ರ ದಶಕದ ಆರಂಭದಲ್ಲಿ. ದುಡಿಯುವ ದೋಣಿ ಮೋಜಿನ ದೋಣಿಯಾಯಿತಲ್ಲ ಎಂದು ಮರುಗುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಹುಟ್ಟುಹಬ್ಬವನ್ನು ಹೊರುವುದೂ ಹೊರೆಯೇ. ಅದರಿಂದ ಹೊಲಿಯುವ ಕೈಗಳಿಗೆ ಕೆಲಸ ಉಳಿಯಿತು.

ಮಧ್ಯಾಹ್ನ ದೊಡ್ಡ ಕಾಯಲು, ಅಂದರೆ ಹಿನ್ನೀರು, ದಾಟಿ ಕಿರುಗಾಲುವೆಗೆ ಹೊಕ್ಕೆವು. ಹಿಂಬದಿಯ ಅಡುಗೆಕೋಣೆಯಿಂದ ಕೊಬ್ಬರಿ ಎಣ್ಣೆ, ಕರಿಬೇವಿನ ಪರಿಮಳ. ಕೆಂಪು ಕುಚಲಕ್ಕಿ ಅನ್ನ, ಅವಿಯಲ್, ಬಾಳೆಎಲೆಯಲ್ಲಿ ಸುತ್ತಿ ಬೇಯಿಸಿದ ಕರಿಮೀನು. ಉಣ್ಣುತ್ತಾ ಹೊರಗೆ ನೋಡಿದರೆ ಒಂದು ಸೋಜಿಗ: ನಾವು ಮೇಲೆ, ಗದ್ದೆ ಕೆಳಗೆ. ಕುಟ್ಟನಾಡಿನಲ್ಲಿ ಕಡಲಮಟ್ಟಕ್ಕಿಂತ ಕೆಳಗೆ ಬೇಸಾಯ ಮಾಡುತ್ತಾರೆ. ಮಣ್ಣಿನ ಕಟ್ಟ ಹಾಕಿ, ಒಳಗಿನ ನೀರನ್ನು ಎತ್ತಿ ಹೊರಹಾಕಿ, ಆ ತಗ್ಗಿನಲ್ಲಿ ಭತ್ತ ಬಿತ್ತುತ್ತಾರೆ. ಕಟ್ಟದ ಮೇಲೆಯೇ ಸಾಲುಮನೆಗಳು, ಒಂದೊಂದು ಮನೆಗೂ ನೀರಿಗಿಳಿಯುವ ಮೆಟ್ಟಿಲು. ಮೆಟ್ಟಿಲ ಮೇಲೆ ಒಬ್ಬಾಕೆ ಪಾತ್ರೆ ಬೆಳಗುತ್ತಿದ್ದಳು. ನಮ್ಮ ದೋಣಿಯ ಅಲೆ ಅವಳ ಸೌಟನ್ನು ಎಳೆದುಕೊಂಡಿತು. ಕೈಚಾಚಿ ಹಿಡಿದುಕೊಂಡಳು, ತಲೆ ಎತ್ತಲಿಲ್ಲ.

ಅತ್ತೆ ಕೈತುತ್ತು ಹಾಗೇ ಹಿಡಿದು ಕೂತರು. "ನಮ್ಮನೆ ಮೊಕವೂ ಹಿಂಗೇ ಹೊಳೆ ಬದಿಗಿತ್ತು," ಎಂದರು.

ನಿಜ. ಶರಾವತಿಯ ದಂಡೆಯ ಹಳೆಯ ಮನೆಗಳಿಗೆ ಹೊಳೆಯೇ ಹೆದ್ದಾರಿ. ಒಂದು ಕಾಲಕ್ಕೆ ಗೇರುಸೊಪ್ಪೆಯ ಕಾಳುಮೆಣಸು ಹೊಳೆಯ ಮೇಲೆಯೇ ಇಳಿದು ಹೊನ್ನಾವರದಲ್ಲಿ ಕಡಲು ಕಂಡಿದ್ದು. ಅತ್ತೆ ಮದುವೆಯಾಗಿ ಬಂದದ್ದೂ ತಾರಿಯ ದೋಣಿಯಲ್ಲಿ. ಆರತಿ ಎತ್ತಿದ್ದು ಹೊಳೆಬಾಗಿಲಲ್ಲಿ. ರಸ್ತೆ ಬಂದ ಮೇಲೆ ಮನೆ ತಿರುಗಿ ಕೂತಿತು. ಮುಂಬಾಗಿಲು ಹಿತ್ತಿಲಾಯಿತು. ಹಿತ್ತಿಲಿಗೆ ನಾವೇನು ಎಸೆಯುತ್ತೇವೆಯೋ ಅದನ್ನೆಲ್ಲ ಹೊಳೆಗೂ ಎಸೆದೆವು.

ವಿಹಾರದ ದೋಣಿ ನನಗೆ ಮೆಚ್ಚುಗೆಯಾಗುವುದು ಇದಕ್ಕಾಗಿ. ನಾಲ್ಕು ತಾಸು ಮಟ್ಟಿಗಾದರೂ ಅದು ನಮ್ಮನ್ನು ಊರಿನ ಮುಂಬಾಗಿಲಿನಿಂದ ಒಳಕ್ಕೆ ಕರೆದೊಯ್ಯುತ್ತದೆ. ಈಗ ಹೊನ್ನಾವರದಲ್ಲೂ ಕಾಂಡ್ಲಾ ಗಿಡಗಳ ನಡುವೆ ದೋಣಿ ಓಡುತ್ತವೆ, ನನಗೆ ಸಂತೋಷ. ಆದರೆ ಇನ್ನೊಬ್ಬರ ಅಂಗಳದಲ್ಲಿ ಹೋಗುವವರು ನೆಂಟರಂತೆ ಹೋಗಬೇಕು. ಆ ದಿನ ಎದುರಿಗೆ ಬಂದ ಒಂದು ದೋಣಿಯಲ್ಲಿ ಕಿವಿಗಡಚಿಕ್ಕುವ ಹಾಡು. ಅದು ಹೋದ ಮೇಲೆ ನೀರಿನ ಮೇಲೆ ಡೀಸೆಲ್ಲಿನ ಬಣ್ಣದ ಪದರ, ಎರಡು ಪ್ಲಾಸ್ಟಿಕ್ ತಟ್ಟೆ. ವೇಂಬನಾಡು ಕಾಯಲಿನ ಈ ನೀರು 2002ರಿಂದ ರಾಮ್ಸಾರ್ ತಾಣ, ಅಂದರೆ ಜಗತ್ತೇ ಮಹತ್ವದ್ದೆಂದು ಗುರುತಿಸಿದ ಜೌಗುನೆಲ. ಅದಕ್ಕಿಂತ ದೊಡ್ಡ ಮಾತೆಂದರೆ, ಅದು ಆ ಹೆಂಗಸು ಪಾತ್ರೆ ಬೆಳಗುವ ನೀರು.

ಸಂಜೆ ಐದೂವರೆಗೆ ನಮ್ಮ ಚಾಲಕ ದೋಣಿಯನ್ನು ತೆಂಗಿನ ಮರಕ್ಕೆ ಕಟ್ಟಿದ. ಮಕ್ಕಳು ಇನ್ನೂ ಹೋಗೋಣವೆಂದು ಹಟ ಹಿಡಿದವು. ರಾತ್ರಿಯ ನೀರು ಬಲೆಯವರದು, ಎಂದ. ಕತ್ತಲಾಗುತ್ತಿದ್ದಂತೆ ಸಣ್ಣ ದೋಣಿಗಳು ಒಂದೊಂದೇ ದೀಪ ಇಟ್ಟುಕೊಂಡು ಹೊರಟವು. ಮಕ್ಕಳು ಹಟ ಮರೆತು ದೀಪ ಎಣಿಸತೊಡಗಿದವು.

ಊರಿಗೆ ಮರಳಿದ ವಾರವೇ ಅತ್ತೆ ಆಳು ಕರೆಸಿ ಹಿತ್ತಿಲ ಪೊದೆ ಕಡಿಸಿದರು. ಮುಳ್ಳಿನ ಅಡಿಯಿಂದ ಹೊಳೆಗಿಳಿಯುವ ಕಲ್ಲಿನ ಮೆಟ್ಟಿಲು ಎದ್ದು ಬಂದವು. ನಾನು ಎಣಿಸಿದೆ, ಒಂಬತ್ತು. "ಹನ್ನೊಂದು ಇದ್ದೋ ತಮಾ," ಎಂದರು ಅತ್ತೆ, "ಎರಡು ಕೆಸರಲ್ಲಿ ಹೂತೋಗಿರ್‍ತೋ. ಅವನ್ನೂ ತೆಗಸು."