ಕರ್ರಿ ಪಾಯಿಂಟಿನ ಲೆಕ್ಕ

ಟೈಮ್‌ಶೀಟ್ ನೋಡುವುದು ನನ್ನ ಉದ್ಯೋಗದ ಭಾಗ. ವಿಶಾಖಪಟ್ಟಣದ ನಮ್ಮ ತಂಡದಲ್ಲಿ ಯಾರು ಯಾವ ಕೆಲಸಕ್ಕೆ ಎಷ್ಟು ಗಂಟೆ ಕೊಟ್ಟರೆಂದು ಬರೆಯದೆ ಬಿಲ್ ಹೋಗುವುದಿಲ್ಲ. ಹಾಗಾಗಿ ರಾಷ್ಟ್ರೀಯ ಅಂಕಿಅಂಶ ಕಚೇರಿಯ ಸಮಯ ಬಳಕೆ ಸಮೀಕ್ಷೆ ನನಗೆ ದೇಶದ ಟೈಮ್‌ಶೀಟ್‌ನಂತೆ ಕಂಡಿತು. ಬೆಳಗಿನ ಜಾವ 4ರಿಂದ ಮರುದಿನ 4ರವರೆಗೆ ಮನೆಮಂದಿ ಏನೇನು ಮಾಡಿದರೆಂದು ಅರ್ಧರ್ಧ ಗಂಟೆಯ ಲೆಕ್ಕ ಕೇಳುತ್ತದೆ. 2019ರಲ್ಲಿ ಮನೆಗೆಲಸ ಮಾಡಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಸಂಬಳವಿಲ್ಲದೆ ದುಡಿದಿದ್ದರು, ಗಂಡಸರು 97. ಆ ಕೆಲಸಕ್ಕೆ ಕೈಹಾಕಿದ ಗಂಡಸರೇ ನೂರಕ್ಕೆ ಸುಮಾರು 26 ಮಂದಿ.

ವಿಜಯವಾಡಕ್ಕೆ ಹೋದಾಗ ರಾತ್ರಿಯೂಟಕ್ಕೆ ನಾನು ಒಂದು ಕರ್ರಿ ಪಾಯಿಂಟಿನ ಮುಂದೆ ನಿಲ್ಲುತ್ತೇನೆ. ಅನ್ನವನ್ನಷ್ಟೇ ಮನೆಯಲ್ಲಿ ಮಾಡಿ, ಪಪ್ಪು, ಪುಲುಸು, ವೇಪುಡು ಇಂಥಲ್ಲಿ ಕಟ್ಟಿಸಿಕೊಂಡು ಹೋಗುವವರು ಆಂಧ್ರದಲ್ಲಿ ಬಹಳ.

‘ಅಂಗಡಿ ಮುಚ್ಚಿದ ಮೇಲೆ ವಿಶ್ರಾಂತಿನಾ ಅಕ್ಕ?’ ನನ್ನ ಹರಕು ತೆಲುಗಿನಲ್ಲಿ ಕೇಳಿದೆ.

‘ಎಲ್ಲಿ ಬಂತು ಸಾರ್, ಮನೆಗೆ ಹೋಗಿ ಮತ್ತೆ ಒಲೆ ಹಚ್ಚಬೇಕು.’

ನನಗೆ ಕಟ್ಟಿಕೊಟ್ಟ ಗೋಂಗೂರ ಪಪ್ಪಿನ ದುಡಿಮೆ ಜಿಡಿಪಿಗೆ ಸೇರುತ್ತದೆ. ಅದೇ ಕೈ ಮಕ್ಕಳಿಗೆ ಬೇಯಿಸಿದ ಪಪ್ಪಿನ ದುಡಿಮೆ ಸೇರುವುದಿಲ್ಲ.

2025ರಲ್ಲಿ ಆಂಧ್ರ ಸರ್ಕಾರ ಕಾರ್ಖಾನೆಗಳ ದಿನದ ಮಿತಿಯನ್ನು 9ರಿಂದ 10 ಗಂಟೆಗೆ ಏರಿಸಲು ಹೊರಟಿತು. ನಮ್ಮ ಆಫೀಸಿನ ಊಟದ ಮೇಜಿನಲ್ಲಿ ಚರ್ಚೆ ನಡೆದದ್ದು ಉತ್ಪಾದನೆ, ಓವರ್‌ಟೈಮ್‌ಗಳ ಬಗ್ಗೆ. ಹತ್ತು ಗಂಟೆ ಮುಗಿಸಿದ ಹೆಂಗಸಿಗೆ ಮನೆಯಲ್ಲಿ ಇನ್ನೊಂದು ಪಾಳಿ ಕಾದಿರುತ್ತದೆ. ಹೆಚ್ಚಿದ ಆ ಒಂದು ಗಂಟೆಯನ್ನು ಅವಳು ತರುವುದು ನಿದ್ದೆಯಿಂದಲೇ.