ಹೊಸಬ ಬರಲಿ, ಹಳಬ ಎಲ್ಲಿಗೆ?

ನೀವು ನಗುತ್ತೀರೇನೋ. ಒಗ್ಗರಣೆ ಸೌಟು ಹಿಡಿಯುವ ಕೈಗೆ ಬಾಸ್ಕೆಟ್‌ಬಾಲ್ ವಿಷಯ ಯಾಕೆ ಅಂತ. ನಿಜ ಹೇಳಬೇಕೆಂದರೆ ಹೈಸ್ಕೂಲಿನಲ್ಲಿ ಥ್ರೋಬಾಲ್ ಆಡಿದ್ದು ಬಿಟ್ಟರೆ ನನಗೂ ಚೆಂಡಿಗೂ ಸಂಬಂಧವೇ ಇರಲಿಲ್ಲ. ಆದರೆ ಮಗನ ಹುಚ್ಚು ಮನೆಮಂದಿಗೆಲ್ಲ ಹತ್ತಿಕೊಂಡಿತು. ಅಮೆರಿಕದಲ್ಲಿ ರಾತ್ರಿ ನಡೆಯುವ ಆಟ ನಮಗೆ ಬೆಳಗಿನ ಜಾವ ಬರುತ್ತದೆ. ನಾನು ಹಾಲು ಕಾಯಿಸುವ ಹೊತ್ತಿಗೆ ಅವನು ಮೊಬೈಲ್ ಹಿಡಿದು ಅಡುಗೆಮನೆ ಹೊಸ್ತಿಲ ಮೇಲೆ ಕೂತಿರುತ್ತಾನೆ. "ಹೊಸ್ತಿಲ ಮೇಲೆ ಕೂರಬಾರದು ಕಣೋ" ಅಂದರೆ ಕೇಳಿಸುವುದೇ ಇಲ್ಲ.

ಕಳೆದ ದೀಪಾವಳಿಗೆ ನನ್ನ ತಮ್ಮ ಬಂದಿದ್ದ. ಬಾಸ್ಟನ್ನಿನಲ್ಲಿ ಬಹಳ ವರ್ಷ ಕೆಲಸ ಮಾಡಿದವನು. ಅವತ್ತು ಸಂಜೆ ಮಗನ ಕ್ಲಬ್ಬಿನ ಹುಡುಗರೂ ನಮ್ಮ ಹಾಲ್‌ನಲ್ಲಿ ಸೇರಿದ್ದರು. ಊರೂರಿನ ಕ್ಲಬ್ಬುಗಳ ಪಂದ್ಯಾವಳಿ ಹತ್ತಿರ ಬಂದಿತ್ತು. ಬೇರೆ ಊರಿನ ಒಬ್ಬ ಆರೂಕಾಲು ಅಡಿ ಎತ್ತರದ ಹುಡುಗನನ್ನು ತಂಡಕ್ಕೆ ಕರೆಸಬೇಕೋ ಬೇಡವೋ ಅನ್ನುವುದೇ ಮಾತು. ಬಸ್ ಚಾರ್ಜು, ಊಟದ ಮೇಲೆ ಒಂದಿಷ್ಟು ದುಡ್ಡನ್ನೂ ಅವನು ಕೇಳಿದ್ದನಂತೆ. ಅವನು ಆಡುವುದು ಪವರ್ ಫಾರ್ವರ್ಡ್ ಜಾಗದಲ್ಲಿ. ಹಾಗೆಂದರೆ, ಬುಟ್ಟಿಯ ಹತ್ತಿರದ ನೂಕುನುಗ್ಗಲಿನಲ್ಲಿ ನಿಂತು, ಬುಟ್ಟಿಗೆ ಬೀಳದೆ ಪುಟಿದು ಬಂದ ಚೆಂಡನ್ನು ಹಿಡಿಯುವವನು, ಎದುರಾಳಿಗೆ ಅಡ್ಡ ನಿಲ್ಲುವವನು. ಮೈಮೇಲೆ ಏಟು ಜಾಸ್ತಿ ಬೀಳುವ ಕೆಲಸ.

ನಾನು ಉಪ್ಪಿಟ್ಟು, ಕಾಫಿ ಕೊಡುತ್ತಾ ಕೇಳಿಸಿಕೊಂಡೆ.

"ಕರೆಸಿ, ಯೋಚನೆಯೇ ಮಾಡಬೇಡಿ" ಅಂದ ತಮ್ಮ. "2007ರಲ್ಲಿ ನಮ್ಮ ಬಾಸ್ಟನ್ ಸೆಲ್ಟಿಕ್ಸ್ ಏನಾಗಿತ್ತು ಗೊತ್ತಾ? 82 ಆಟದಲ್ಲಿ ಗೆದ್ದದ್ದು ಬರೀ 24. ಆ ಬೇಸಿಗೆಯಲ್ಲಿ ಮಿನ್ನೆಸೋಟದಿಂದ ಕೆವಿನ್ ಗಾರ್ನೆಟ್‌ನನ್ನು ತಂದರು. ರೇ ಆಲೆನ್ ಅನ್ನುವ ಇನ್ನೊಬ್ಬ ದೊಡ್ಡ ಆಟಗಾರನೂ ಬಂದ. ಮುಂದಿನ ವರ್ಷ 66 ಗೆಲುವು! 2008ರ ಜೂನ್‌ನಲ್ಲಿ ಲೇಕರ್ಸ್ ತಂಡವನ್ನು ಸೋಲಿಸಿ ಚಾಂಪಿಯನ್. 1986ರ ಮೇಲೆ ಅದೇ ಮೊದಲು."

ನನ್ನ ಮಗ ಬಿಡುತ್ತಾನೆಯೇ? "ಮಾವ, ನ್ಯೂಯಾರ್ಕ್ ಕಥೆ ಯಾಕೆ ಹೇಳಲ್ಲ? 2010ರಲ್ಲಿ ನಿಕ್ಸ್ ತಂಡದೋರು ಅಮಾರೆ ಸ್ಟೌಡಮೈರ್‌ನ ತಗೊಂಡ್ರು. ಅವನೂ ಪವರ್ ಫಾರ್ವರ್ಡೇ. ಐದು ವರ್ಷಕ್ಕೆ ಹೆಚ್ಚುಕಮ್ಮಿ 10 ಕೋಟಿ ಡಾಲರ್. 2005ರಲ್ಲೇ ಮೊಣಕಾಲಿಗೆ ಆಪರೇಷನ್ ಆಗಿತ್ತು. ಹಳೇ ತಂಡದೋರು ಅದಕ್ಕೇ ಪೂರ್ತಿ ಗ್ಯಾರಂಟಿ ಕೊಡೋಕೆ ಹಿಂಜರಿದಿದ್ರು. ಆ ಒಪ್ಪಂದಕ್ಕೆ ಇನ್ಶೂರೆನ್ಸೂ ಸಿಗಲಿಲ್ಲ."

ವಿಮಾ ಏಜೆಂಟರಾದ ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತಿದರು. "ವಿಮೆ ಇಲ್ಲದ ಮೊಣಕಾಲಿಗೆ ಹತ್ತು ಕೋಟಿ ಡಾಲರಾ? ಶಿವ ಶಿವಾ!" ಎಲ್ಲರೂ ನಕ್ಕೆವು.

ಮೊದಲ ವರ್ಷವೇನೋ ಅವನು ಚೆನ್ನಾಗಿಯೇ ಆಡಿದನಂತೆ. ಆಟಕ್ಕೆ ಸರಾಸರಿ 25 ಅಂಕ. 2004ರಿಂದ ಪ್ಲೇಆಫ್ ಮುಖವನ್ನೇ ಕಾಣದ ತಂಡ 2011ರಲ್ಲಿ ಅಲ್ಲಿಗೆ ಮುಟ್ಟಿತು. ಆಮೇಲೆ ಬೆನ್ನು, ಮೊಣಕಾಲು ಅಂತ ಒಂದಾದ ಮೇಲೊಂದು. 2012ರಲ್ಲಿ ಸೋತ ಸಿಟ್ಟಿಗೆ ಬೆಂಕಿ ನಂದಿಸುವ ಪೆಟ್ಟಿಗೆಯ ಗಾಜಿಗೆ ಗುದ್ದಿ ಕೈ ಬೇರೆ ಕುಯ್ದುಕೊಂಡ. 2015ರ ಫೆಬ್ರವರಿಯಲ್ಲಿ ತಂಡವೇ ಅವನನ್ನು ಬಿಟ್ಟುಕೊಟ್ಟಿತು. ಅಲ್ಲಿ ಒಂದು ತಂಡ ಎಲ್ಲರ ಸಂಬಳಕ್ಕೂ ಸೇರಿ ಇಷ್ಟು ಎಂದು ಒಂದು ಮಿತಿ ಇರುತ್ತದಂತೆ. ಒಬ್ಬನಿಗೇ ಅಷ್ಟು ಸುರಿದರೆ ಉಳಿದವರಿಗೆ ಏನು ಮಿಗುತ್ತದೆ? ತಿಂಗಳ ದುಡ್ಡಿನಲ್ಲಿ ಒಂದೇ ಸೀರೆ ಕೊಂಡು, ರೇಷನ್ನಿಗೆ ಕೈ ಹಿಸುಕಿಕೊಂಡ ಹಾಗೆ.

ವಾದ ಜೋರಾಯಿತು. ನನ್ನ ಕಣ್ಣು ಮಾತ್ರ ಕಿಟಕಿ ಪಕ್ಕ ಕೂತಿದ್ದ ಹುಡುಗನ ಮೇಲೆ. ಪಕ್ಕದ ಬೀದಿಯವನು, ಏಳನೇ ಕ್ಲಾಸಿನಿಂದ ನಮ್ಮ ಮನೆಯಲ್ಲೇ ಉಂಡು ಬೆಳೆದವನು. ತಂಡದಲ್ಲಿ ಆ ಜಾಗ ಅವನದೇ. ಉಪ್ಪಿಟ್ಟಿನ ತಟ್ಟೆ ಹಾಗೇ ಇತ್ತು. ಎಲ್ಲರೂ ಬರುವವನ ಎತ್ತರ ಅಳೆಯುತ್ತಿದ್ದರೇ ಹೊರತು ಇವನನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಸುಮ್ಮನಿರಲಾಗಲಿಲ್ಲ. "ಅಲ್ಲ ಕಣೋ, ನಿನ್ನ ಗಾರ್ನೆಟ್ ಬಂದನಲ್ಲ, ಅವನಿಗೋಸ್ಕರ ಹೋದವರು ಯಾರು?" ಅಂತ ತಮ್ಮನನ್ನು ಕೇಳಿದೆ.

ಅವನು ತಲೆ ಕೆರೆದುಕೊಂಡ. "ಐದು ಜನ ಅಕ್ಕಾ. ಮೇಲೆ ಹೊಸ ಹುಡುಗರನ್ನು ಆರಿಸುವ ಎರಡು ಹಕ್ಕನ್ನೂ ಕೊಟ್ಟರು. ಒಬ್ಬನಿಗೆ ಏಳು." ಹೋದವರಲ್ಲಿ ಆಲ್ ಜೆಫರ್ಸನ್ ಎಂಬ 22 ವರ್ಷದ ಹುಡುಗನಿದ್ದನಂತೆ, ಅವನೂ ಅದೇ ಜಾಗದವನು. ಹೊಸ ಊರಿನಲ್ಲಿ ಆಟಕ್ಕೆ 21 ಅಂಕ ಹೊಡೆದ. ಆದರೂ ಆ ತಂಡ ಆ ವರ್ಷ ಗೆದ್ದದ್ದು 22 ಆಟ ಮಾತ್ರ. ಚಾಂಪಿಯನ್ ಪಟ್ಟ ಅವನಿಗೆ ಕೊನೆಗೂ ಸಿಗಲಿಲ್ಲ.

ತಮ್ಮ ಇನ್ನೊಂದು ಮಾತೂ ಹೇಳಿದ. ಮಿನ್ನೆಸೋಟದಲ್ಲಿ ಆಟಕ್ಕೆ 22 ಅಂಕ ಹೊಡೆಯುತ್ತಿದ್ದ ಗಾರ್ನೆಟ್, ಬಾಸ್ಟನ್ನಿಗೆ ಬಂದ ವರ್ಷ ಹೊಡೆದದ್ದು ಸುಮಾರು 19. ತನ್ನ ಅಂಕ ಇಳಿದರೂ ಚಿಂತೆಯಿಲ್ಲ ಅಂತ ತಡೆಯುವ ಕೆಲಸಕ್ಕೆ ನಿಂತ. ಆ ವರ್ಷದ ಅತ್ಯುತ್ತಮ ರಕ್ಷಣಾ ಆಟಗಾರ ಎಂಬ ಬಹುಮಾನವೂ ಅವನಿಗೇ ಬಂತು. ನೋಡಿ, ಗುಟ್ಟು ಇರುವುದು ಇಲ್ಲೇ. ಐದು ಜನಕ್ಕೆ ಒಂದೇ ಚೆಂಡು. ಬರುವವನಿಗೆ ಹಂಚಿಕೊಂಡು ಆಡಲು ಬಂದರೆ ಸರಿ, ಇಲ್ಲವಾದರೆ ಎಷ್ಟು ಎತ್ತರವಿದ್ದು ಏನು ಬಂತು?

ನಾನು ಆ ಮನೆಗೆ ಹಿರಿ ಸೊಸೆಯಾಗಿ ಬಂದವಳು. ಕಿರಿ ಸೊಸೆ ಬಂದ ಹೊಸದರಲ್ಲಿ ಎಲ್ಲರಿಗೂ ಅವಳ ಕೈಯ ಸಾರೇ ರುಚಿ. ಅವಳೇನೂ ಕೆಟ್ಟವಳಲ್ಲ, ಸಾರೂ ಚೆನ್ನಾಗಿಯೇ ಇರುತ್ತಿತ್ತು. ಆದರೆ ಒಲೆ ಮುಂದಿನಿಂದ ನನ್ನನ್ನು ಈಳಿಗೆ ಮಣೆಗೆ ಕಳಿಸಿದ ದಿನ ಯಾರೂ ಒಂದು ಮಾತು ಹೇಳಲಿಲ್ಲ. ಕಾಯಿ ತುರಿಯುತ್ತಾ ಕೂತಾಗ ತಾನಾಗೇ ಗೊತ್ತಾಯಿತು. ಅದು ಇವತ್ತಿಗೂ ಮರೆತಿಲ್ಲ.

ಅದಕ್ಕೇ ಆ ಹುಡುಗನನ್ನೇ ಕೇಳಿದೆ. "ನೀನೇನಂತೀಯಪ್ಪ?"

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಕರೆಸಲಿ ಆಂಟಿ, ಅವನು ನನಗಿಂತ ಚೆನ್ನಾಗಿ ಆಡ್ತಾನೆ. ಆದರೆ ಆಟದ ದಿನ ಬೆಂಚಲ್ಲಿ ಕೂರಿಸಿ ಗೊತ್ತು ಮಾಡಬೇಡಿ. ಈಗಲೇ ಹೇಳಿಬಿಡಿ" ಅಂದ. ನನ್ನ ಮಗ ತಲೆ ತಗ್ಗಿಸಿದ. ಆಮೇಲೆ ಹೋಗಿ ಅವನ ಪಕ್ಕ ಕೂತ.

ಕೊನೆಗೆ ಎತ್ತರದ ಹುಡುಗ ಬಂದ. ಎರಡು ಆಟ ಗೆದ್ದು ಮೂರನೆಯದರಲ್ಲಿ ಸೋತರು. ನಮ್ಮ ಹುಡುಗ ಅರ್ಧ ಹೊತ್ತು ಆಡಿದ, ಅರ್ಧ ಹೊತ್ತು ಬೆಂಚಿನಲ್ಲಿ ಕೂತು ಚಪ್ಪಾಳೆ ತಟ್ಟಿದ. ಇವತ್ತಿಗೂ ನಮ್ಮ ಮನೆಗೆ ಊಟಕ್ಕೆ ಬರುತ್ತಾನೆ. ನನಗೆ ಅದೇ ಕಪ್ಪು.

ದೊಡ್ಡ ಆಟಗಾರ ಬೇಡ ಅಂತ ನಾನು ಹೇಳುವುದಿಲ್ಲ. ಬರಲಿ. ಆದರೆ ಬರುವವನ ಎತ್ತರ ಅಳೆಯುವ ಮುಂಚೆ, ಎದ್ದು ಜಾಗ ಕೊಡುವವನ ಮುಖ ಒಮ್ಮೆ ನೋಡಬೇಕು. ಅವನಿಗೆ ಮೊದಲು ಹೇಳಬೇಕು. ನಿಮ್ಮ ಮನೆಯಲ್ಲೂ ಹೊಸಬರು ಬಂದಾಗ ಮೂಲೆ ಸೇರಿದವರು ಒಬ್ಬರಾದರೂ ಇದ್ದಾರು. ಇವತ್ತು ಕಾಫಿ ಕೊಡುವಾಗ ಅವರ ಹತ್ತಿರ ಎರಡು ನಿಮಿಷ ಕೂತು ನೋಡಿ.