ಮನೆಯೊಳಗಿನ ಹೊಸ ಕಣಜ

ನಮ್ಮ ಹಿರಿಯರ ಕಾಲದಲ್ಲಿ ಒಂದು ಮನೆಯ ಸ್ಥಿತಿಗತಿಯನ್ನು ತಿಳಿಯಬೇಕಾದರೆ ಅದರ ಕಣಜವನ್ನು ನೋಡಿದರೆ ಸಾಕಾಗುತ್ತಿದ್ದಿತು. ರಾಗಿಯನ್ನು ಹಗೇವಿನಲ್ಲಿ ತುಂಬುವುದು, ಭತ್ತವನ್ನು ಕಣಜಕ್ಕೆ ಸುರಿಯುವುದು, ಕಾಳುಗಳನ್ನು ವಾಡೆಗಳಲ್ಲಿಟ್ಟು ಬಾಯಿ ಮೆತ್ತುವುದು, ಇವೆಲ್ಲವೂ ಮನೆಯ ಯಜಮಾನಿಗೆ ಕರತಲಾಮಲಕವಾಗಿದ್ದವು. ಹುಳು ಹಿಡಿಯಿತೆ, ನೀರು ಇಳಿಯಿತೆ, ಇಲಿ ಕೊರೆಯಿತೆ ಎಂಬ ವಿಚಾರಣೆಯು ತಪ್ಪದೆ ನಡೆಯುತ್ತಿದ್ದಿತು. ಈಗ ನಮ್ಮ ಮನೆಗಳಿಗೆ ಮತ್ತೊಂದು ಬಗೆಯ ಕಣಜವು ಬಂದು ಸೇರಿದೆ. ಅಂಗೈಯಗಲದ ಒಂದು ಲೋಹದ ಪೆಟ್ಟಿಗೆ. ಅದಕ್ಕೆ ಹಾರ್ಡ್ ಡಿಸ್ಕ್ ಎಂದು ಹೆಸರು. ಮಕ್ಕಳ ಭಾವಚಿತ್ರಗಳು, ಜಮೀನಿನ ಪಹಣಿ, ತೆರಿಗೆಯ ರಸೀದಿ, ಗತಿಸಿದವರ ಧ್ವನಿ, ಎಲ್ಲವೂ ಅದರೊಳಗೆ. ಆದರೆ ಅದರೊಳಗೆ ಹುಳು ಹಿಡಿಯಿತೆ ಎಂದು ವಿಚಾರಿಸುವವರು ಎಷ್ಟು ಮಂದಿ?

ನಾವು ತಿಪಟೂರಿನಲ್ಲಿ ಮನೆಯ ಮುಂಭಾಗದ ಕೋಣೆಯಲ್ಲಿ ಅಕ್ಷರ ಜೋಡಣೆಯ ಕೆಲಸವನ್ನು ಮಾಡಿಕೊಂಡಿರುವವರು. ಡಿ.ಟಿ.ಪಿ. ಎಂದರೆ ಊರಿನವರಿಗೆ ಬೇಗ ತಿಳಿಯುವುದು. ಹಿಂದೆ ಮುದ್ರಣಾಲಯಗಳಲ್ಲಿ ಸೀಸದ ಮೊಳೆಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದರಷ್ಟೆ. ಆ ಕೆಲಸವನ್ನೇ ನಾವು ಕಂಪ್ಯೂಟರಿನಲ್ಲಿ ಮಾಡುತ್ತೇವೆ. ಲಗ್ನಪತ್ರಿಕೆ, ಕರಪತ್ರ, ಶಾಲೆಯ ಸ್ಮರಣಸಂಚಿಕೆ, ವೈಕುಂಠ ಸಮಾರಾಧನೆಯ ಆಹ್ವಾನ, ಹೀಗೆ ಹುಟ್ಟಿನಿಂದ ಸಾವಿನವರೆಗಿನ ಯಾವ ಸಮಾಚಾರವೂ ನಮ್ಮ ಮೇಜನ್ನು ಹಾದೇ ಹೋಗುವುದು. ನಮ್ಮ ಮನೆಯವರು ಅಕ್ಷರಗಳನ್ನು ಬೆರಳಚ್ಚು ಮಾಡುವರು. ಕರಡು ತಿದ್ದುವುದೂ ಪುಟ ಕಟ್ಟುವುದೂ ನಮ್ಮ ಪಾಲು. ವೈಶಾಖದಲ್ಲಿ ಊಟಕ್ಕೆ ಬಿಡುವಿಲ್ಲ, ಆಷಾಢದಲ್ಲಿ ಕೇಳುವವರಿಲ್ಲ.

ಈ ವೃತ್ತಿಯವರು ಹಳೆಯ ಯಂತ್ರವನ್ನು ಸುಲಭವಾಗಿ ಬಿಡಲಾರರು. ಪೇಜ್‌ಮೇಕರ್ ಎಂಬ ತಂತ್ರಾಂಶವನ್ನು ಅದನ್ನು ಮಾಡಿದವರೇ ಕೈಬಿಟ್ಟು ಎಷ್ಟೋ ವರ್ಷಗಳಾದವು. ಆದಾಗ್ಯೂ ಕನ್ನಡದ ಎಷ್ಟೋ ಮುದ್ರಣಾಲಯಗಳು ಇಂದಿಗೂ ಅದರಲ್ಲಿಯೇ ಪುಟಗಳನ್ನು ಕೇಳುತ್ತವೆ. ಅದರ ಜೊತೆಗೆ ನುಡಿ ಲಿಪಿಯ ಹಳೆಯ ಅಕ್ಷರಗಳು ಬೇಕು. ಆದಕಾರಣ ನಮ್ಮ ಕೋಣೆಯಲ್ಲಿ ವಿಂಡೋಸ್ 7 ಇರುವ ಯಂತ್ರವೊಂದು ಇನ್ನೂ ದುಡಿಯುತ್ತಿದ್ದಿತು. ಅದಕ್ಕೆ ತಯಾರಕರ ಬೆಂಬಲವು 2020ರ ಜನವರಿಯಲ್ಲಿ ನಿಂತಿರುವುದರಿಂದ ನಾವು ಅದಕ್ಕೆ ಅಂತರ್ಜಾಲದ ಸಂಪರ್ಕವನ್ನು ಕೊಟ್ಟಿರಲಿಲ್ಲ. ಮುದಿ ಎತ್ತನ್ನು ಪೇಟೆಯ ಬೀದಿಗೆ ಬಿಡದೆ ಕೊಟ್ಟಿಗೆಯಲ್ಲಿಯೇ ಕಟ್ಟಿ ಮೇಯಿಸಿದ ಹಾಗೆ.

ಹೋದ ವರ್ಷ ಆ ಯಂತ್ರದಲ್ಲಿ ಮೊದಲು ಕಂಡದ್ದು ಸ್ಥಳದ ಅಭಾವ. ಡಿಸ್ಕಿನಲ್ಲಿ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆ ಸ್ಥಳವುಳಿದರೆ ಅದರ ಚಿತ್ರದ ಕೆಳಗಿನ ಪಟ್ಟಿಯು ಕೆಂಪಾಗುವುದು. ಆ ಕೆಂಪನ್ನು ಕಂಡು ನಮ್ಮ ಪರಿಚಿತರೊಬ್ಬರು, “ಅಂಗಡಿಯವನು ನಿಮಗೆ ಮೋಸ ಮಾಡಿದ್ದಾನೆ, ಪೆಟ್ಟಿಗೆಯ ಮೇಲೆ 500 ಎಂದಿದೆ, ಒಳಗೆ 465 ಎಂದಷ್ಟೇ ತೋರಿಸುತ್ತದೆ” ಎಂದರು. ಈ ಮಾತನ್ನು ನಾವು ಹಲವರ ಬಾಯಲ್ಲಿ ಕೇಳಿದ್ದೇವೆ. ಇದರಲ್ಲಿ ಮೋಸವೇನೂ ಇಲ್ಲ. ಹಿಂದೆ ಕಚ್ಚಾ ಸೇರು, ಪಕ್ಕಾ ಸೇರು ಎಂದು ಎರಡು ಅಳತೆಗಳಿದ್ದಂತೆ ಇಲ್ಲಿಯೂ ಎರಡುಂಟು. ಡಿಸ್ಕನ್ನು ಮಾರುವವರು ಸಾವಿರ ಸಾವಿರವಾಗಿ ಗುಣಿಸುವರು. ವಿಂಡೋಸು 1024ರಂತೆ ಗುಣಿಸುವುದು. ಸರಕು ಅಷ್ಟೇ, ಸೇರು ಬೇರೆ.

ಸ್ಥಳವನ್ನು ತಿಂದವರಾರೆಂದು ಹುಡುಕಿದ ಸಂಗತಿಯನ್ನು ವಿಸ್ತರಿಸುವುದಿಲ್ಲ. ಕಸದ ಬುಟ್ಟಿಗೆ ಹಾಕಿದ ಕಡತಗಳು ಬುಟ್ಟಿಯನ್ನು ಬರಿದುಮಾಡುವವರೆಗೂ ಸ್ಥಳವನ್ನು ಬಿಟ್ಟುಕೊಡುವುದಿಲ್ಲವೆಂಬುದು ಎಲ್ಲರಿಗೂ ತಿಳಿದಿರಲಾರದು. ಯಂತ್ರವು ಗಾಢನಿದ್ರೆಗೆ ಹೋಗುವಾಗ ತನ್ನ ನೆನಪನ್ನೆಲ್ಲ ಬರೆದಿಡುವುದಕ್ಕೆಂದು ಕಾದಿರಿಸಿಕೊಂಡ ಒಂದು ಕಡತವೇ ಮೂರು ಜಿ.ಬಿ. ಇದ್ದಿತು. ಉಳಿದದ್ದೆಲ್ಲ ಚಿತ್ರಗಳು. ಗಿರಾಕಿಗಳು ಲಗ್ನಪತ್ರಿಕೆಗೆಂದು ತಂದ ಗಣಪತಿಯ ಚಿತ್ರಗಳೇ ನೂರಾರು. ಮಗಳ ಮೊಬೈಲಿನಿಂದ ಇಳಿಸಿದ ಹಲಸಿನ ಮರದ ಚಿತ್ರ ಒಂದೇ ಭಂಗಿಯಲ್ಲಿ ಹದಿನಾಲ್ಕು.

ಈ ಸಂದರ್ಭದಲ್ಲಿ ನಮಗೆ ಆಶ್ಚರ್ಯವನ್ನುಂಟುಮಾಡಿದ ವಿಷಯವೊಂದುಂಟು. ಆಗ ನಾವು ನಿವೃತ್ತ ಉಪಾಧ್ಯಾಯರೊಬ್ಬರ ಆತ್ಮಕಥೆಯನ್ನು ಸಿದ್ಧಪಡಿಸುತ್ತಿದ್ದೆವು. ಎಂಬತ್ತೆರಡು ವರ್ಷದ ವೃದ್ಧರು. ನಮ್ಮ ಮನೆಯವರಿಗೆ ಅಕ್ಷರ ಕಲಿಸಿದವರು. ಅವರ ಜೀವಮಾನದ ಕಥೆಯೆಲ್ಲವೂ ಸೇರಿ ಆ ಹಲಸಿನ ಮರದ ಒಂದೇ ಒಂದು ಚಿತ್ರದಷ್ಟು ಸ್ಥಳವನ್ನೂ ಹಿಡಿದಿರಲಿಲ್ಲ! 1956ರಲ್ಲಿ ಐ.ಬಿ.ಎಂ. ಸಂಸ್ಥೆಯವರು ಮೊಟ್ಟಮೊದಲು ಮಾರಾಟಕ್ಕೆ ತಂದ ಡಿಸ್ಕ್ ಯಂತ್ರದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದು, ಅದರ ತೂಕ ಒಂದು ಟನ್ನಿಗೂ ಹೆಚ್ಚಾಗಿದ್ದಿತು. ಅದರಲ್ಲಿ ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರಗಳು ಮಾತ್ರ. ಆ ಭೂತಾಕಾರದ ಯಂತ್ರದಲ್ಲಿಯೂ ಮೇಷ್ಟರ ಕಥೆಯು ಹಿಡಿಸಿ ಸ್ಥಳವು ಮಿಗುತ್ತಿದ್ದಿತು. ಹಲಸಿನ ಮರಗಳು ಹದಿನಾಲ್ಕೂ ಹೊರಗೇ ನಿಲ್ಲಬೇಕಾಗುತ್ತಿದ್ದಿತು.

ಮೇಷ್ಟರು ತಮ್ಮ ಪತ್ನಿಯ ವಿಷಯವಾಗಿ ಮೊದಲು ಬರೆದುಕೊಟ್ಟಿದ್ದುದು ನಾಲ್ಕೇ ಸಾಲು. ಸದ್ಗುಣಸಂಪನ್ನೆ, ಸಹಧರ್ಮಿಣಿ, ಅತಿಥಿಸತ್ಕಾರದಲ್ಲಿ ನಿಪುಣೆ, ಇಂತಹ ವರ್ಷದಲ್ಲಿ ದೈವಾಧೀನಳಾದಳು ಎಂದು ಮುಗಿದಿದ್ದಿತು. ಒಂದು ಸೋಮವಾರ ಬೆಳಿಗ್ಗೆ ಅವರು ಕೋಲೂರಿಕೊಂಡು ನಮ್ಮ ಮನೆಗೆ ಬಂದು, “ತಾಯೀ, ಆ ನಾಲ್ಕು ಸಾಲನ್ನು ತೆಗೆದುಬಿಡು. ಅದು ಅವಳಲ್ಲ. ನಾನು ಹೇಳುತ್ತೇನೆ, ನೀನು ಬರೆದುಕೋ” ಎಂದು ಕುರ್ಚಿಯಲ್ಲಿ ಕುಳಿತರು. ಐದು ದಿವಸ ಹೇಳಿದರು. ಆಕೆ ತವರಿನಿಂದ ಗಾಡಿಯಲ್ಲಿ ತಂದ ಒರಳುಕಲ್ಲಿನಿಂದ ಆರಂಭವಾದ ಆ ಅಧ್ಯಾಯವು ಹನ್ನೊಂದು ಪುಟವಾಯಿತು. ನಡುವೆ ಎಷ್ಟೋ ಸಲ ಸುಮ್ಮನಾಗುತ್ತಿದ್ದರು. ನಮ್ಮ ಮನೆಯವರೂ ಕೈಯನ್ನು ಮಡಿಲಲ್ಲಿಟ್ಟು ಕಾಯುತ್ತಿದ್ದರು. ಒಂಬತ್ತು ದಿವಸಗಳ ತರುವಾಯ ಮೇಷ್ಟರಿಗೆ ಲಕ್ವ ಹೊಡೆಯಿತು. ಜೀವಕ್ಕೆ ಅಪಾಯವಾಗಲಿಲ್ಲ, ಆದರೆ ಬಲಗೈಯೂ ಮಾತೂ ಹೋದವು.

ನಮ್ಮಲ್ಲಿ ತಿಂಗಳ ಕೊನೆಯ ಭಾನುವಾರ ಎಲ್ಲ ಕಡತಗಳನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡುವ ಪದ್ಧತಿಯಿದ್ದಿತು. ಭಾನುವಾರಕ್ಕೆ ಇನ್ನೂ ಮೂರು ದಿವಸಗಳಿರುವಾಗಲೇ ಯಂತ್ರವು ಮೊಂಡುಹಿಡಿಯಿತು. ಕಡತವೊಂದು ತೆರೆಯಲು ನಾಲ್ಕು ನಿಮಿಷ. ಮೊದಲು ತಂತಿಯನ್ನು ಶಂಕಿಸಿದೆವು. ಡಿಸ್ಕಿನಿಂದ ಯಂತ್ರಕ್ಕೆ ಹೋಗುವ ಚಪ್ಪಟೆಯ ತಂತಿಯು ಸಡಿಲವಾದರೂ ಡಿಸ್ಕೇ ಕೆಟ್ಟಂತೆ ತೋರುವುದುಂಟು. ಹೊಸ ತಂತಿಯನ್ನು ಹಾಕಿದರೂ ಗುಣವಾಗಲಿಲ್ಲ. ಪ್ರತಿಯೊಂದು ಡಿಸ್ಕೂ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುವುದು. ಅದನ್ನು ಓದಿ ತೋರಿಸುವ ಚಿಕ್ಕ ತಂತ್ರಾಂಶಗಳುಂಟು. ಅದರಲ್ಲಿ ನೋಡಲಾಗಿ, ಓದಲಾಗದೆ ಬಾಕಿಯಿರುವ ತುಣುಕುಗಳು ಬೆಳಿಗ್ಗೆ 8 ಇದ್ದುವು, ಮಧ್ಯಾಹ್ನಕ್ಕೆ 136 ಆದುವು. ಅಷ್ಟರಲ್ಲಿ ಒಳಗಿನಿಂದ ಟಿಕ್ ಟಿಕ್ ಎಂಬ ಶಬ್ದವೂ ಕೇಳಿಸಿತು. ಒಡನೆಯೇ ಯಂತ್ರವನ್ನು ಆರಿಸಿದೆವು.

ಇಲ್ಲಿ ಒಂದು ಮಾತನ್ನು ಬಿಚ್ಚಿ ಹೇಳಬೇಕಾಗಿದೆ. ಡಿಸ್ಕಿನೊಳಗೆ ಕನ್ನಡಿಯಂತೆ ನುಣುಪಾದ ತಟ್ಟೆಯು ಸೆಕೆಂಡಿಗೆ 120 ಸುತ್ತು ತಿರುಗುತ್ತಿರುವುದು. ಅದರ ಮೇಲೆ, ಕೂದಲಿನ ದಪ್ಪಕ್ಕಿಂತ ಸಾವಿರಾರು ಪಾಲು ಕಡಿಮೆಯಾದ ಎತ್ತರದಲ್ಲಿ, ಓದುವ ಮುಳ್ಳು ತೇಲುತ್ತಿರುವುದು. ಮುಳ್ಳು ತಟ್ಟೆಗೆ ತಗುಲಿತೆಂದರೆ ಉಳುವವನಿಲ್ಲದ ನೇಗಿಲಿನಂತೆ ಗೆರೆ ಕೊರೆಯುವುದು. ಅಂತಹ ಸಮಯದಲ್ಲಿ ಯಂತ್ರವನ್ನು ಮತ್ತೆ ಮತ್ತೆ ಹೊತ್ತಿಸಿ ನೋಡುವುದೂ, ದುರಸ್ತಿಯ ತಂತ್ರಾಂಶವನ್ನು ಅದೇ ಡಿಸ್ಕಿನ ಮೇಲೆ ಓಡಿಸುವುದೂ ರೋಗಿಯನ್ನು ಓಡಿಸಿ ನಾಡಿ ನೋಡಿದಂತೆ. ಮೊದಲು ನಕಲು, ಆಮೇಲೆ ಚಿಕಿತ್ಸೆ. ನೆರೆಯವರೊಬ್ಬರು ಡಿಸ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಂದು ರಾತ್ರಿ ಫ್ರಿಜ್ಜಿನ ಮಂಜಿನ ಪೆಟ್ಟಿಗೆಯಲ್ಲಿಡಬೇಕೆಂದು ಬಹಳ ಒತ್ತಾಯಪಡಿಸಿದರು. ಹೊರಕ್ಕೆ ತೆಗೆದ ಕೂಡಲೆ ತಟ್ಟೆಯ ಮೇಲೆ ಬೆವರಿನಂತೆ ನೀರು ಕೂರುವುದೆಂಬುದನ್ನು ಅವರಿಗೆ ತಿಳಿಸಿ, ಕಾಫಿ ಕೊಟ್ಟು ಕಳುಹಿಸಿದೆವು.

ಮರುದಿನ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿಕೊಂಡು ತುಮಕೂರಿನ ಅಂಗಡಿಯೊಂದಕ್ಕೆ ಹೋದೆವು. ಅಲ್ಲಿನ ಹುಡುಗನು ಸಮರ್ಥನೇ. ಲಿನಕ್ಸ್ ಯಂತ್ರಕ್ಕೆ ಅದನ್ನು ಜೋಡಿಸಿ, ಡಿಡಿರೆಸ್ಕ್ಯೂ ಎಂಬ ತಂತ್ರಾಂಶದಿಂದ ಬಿಂಬದ ಪ್ರತಿಯನ್ನು ತೆಗೆಯತೊಡಗಿದನು. ಅದರ ಕ್ರಮವು ನಮಗೆ ಬಹಳ ಮೆಚ್ಚುಗೆಯಾಯಿತು. ಸುಲಭವಾಗಿ ಓದಲಾಗುವ ಭಾಗಗಳನ್ನು ಮೊದಲು ಬಾಚಿಕೊಳ್ಳುವುದು. ಹಟಮಾಡುವ ಭಾಗಗಳನ್ನು ಗುರುತಿಟ್ಟುಕೊಂಡು ಮುಂದೆ ಸಾಗುವುದು. ಕೊನೆಯಲ್ಲಿ ಹಿಂದಿರುಗಿ ಅವುಗಳನ್ನು ತುಣುಕು ತುಣುಕಾಗಿ ಕೇಳುವುದು. ಎರಡು ದಿವಸಗಳು ಹಿಡಿದವು. ಬಹುಪಾಲು ಬಂದಿತು, ಆದರೆ ಯಾವ ಕಡತ ಎಲ್ಲಿದೆಯೆಂಬ ಸೂಚಿಯಿರುವ ಭಾಗವೇ ಹಾಳಾಗಿದ್ದಿತು. ಆದಕಾರಣ ಕಡತಗಳೆಲ್ಲ ಹೆಸರು ಕಳೆದುಕೊಂಡು ಬರಿಯ ಅಂಕೆಗಳಾಗಿ ಹೊರಬಿದ್ದವು. ಸಾವಿರಾರು ಕಡತಗಳು, ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಕ್ಕಳಂತೆ ಯಾರು ಯಾರ ಮನೆಯವರೆಂದು ಹೇಳುವಂತಿಲ್ಲ.

ಹುಡುಗನು ಕೆಲವನ್ನು ತೆರೆದು ನೋಡಿ, “ಸಾರ್, ಫೋಟೋಗಳು ಸಿಕ್ಕಿವೆ. ಬರವಣಿಗೆಯ ಕಡತಗಳೆಲ್ಲ ಹಾಳಾಗಿವೆ, ಬರೀ ಕಸ. ಅಳಿಸಿಬಿಡಲೆ? ಸ್ಥಳ ಉಳಿಯುತ್ತದೆ” ಎಂದನು. ತೆರೆಯ ಮೇಲೆ ಇಂಗ್ಲಿಷಿನ ಪಿ ಅಕ್ಷರ, ತಲೆಯ ಮೇಲೆ ಓರೆಗೆರೆ ಹೊತ್ತ ಎ ಅಕ್ಷರ, ಪೌಂಡಿನ ಗುರುತು, ಕಾಲು ಅರೆ ಎಂಬ ಭಿನ್ನರಾಶಿಗಳು, ಇವೆಲ್ಲ ಸಂತೆಯಂತೆ ನೆರೆದಿದ್ದುವು. ನಮ್ಮ ಮನೆಯವರು ಕನ್ನಡಕವನ್ನು ಸರಿಪಡಿಸಿಕೊಂಡು ಬಗ್ಗಿ ನೋಡಿ, “ತಡೆಯಪ್ಪಾ, ಅದು ಕಸವಲ್ಲ, ಕನ್ನಡ” ಎಂದರು.

ಸಂಗತಿಯೇನೆಂದರೆ, ನುಡಿಯ ಹಳೆಯ ಲಿಪಿಯಲ್ಲಿ ಕನ್ನಡದ ಅಕ್ಷರಗಳಿಗೆ ಸ್ವಂತ ಮನೆಯಿರಲಿಲ್ಲ; ಇಂಗ್ಲಿಷಿನ ಮತ್ತು ಯೂರೋಪಿನ ಚಿಹ್ನೆಗಳ ಮನೆಯಲ್ಲಿ ಅವು ಬಾಡಿಗೆಗೆ ಇದ್ದುವು. ಕಕಾರವು ಪಿ ಅಕ್ಷರದ ಮನೆಯಲ್ಲಿ, ನಕಾರವು ಪೌಂಡಿನ ಮನೆಯಲ್ಲಿ, ಳಕಾರವು ಕಾಲು ಎಂಬ ಭಿನ್ನರಾಶಿಯ ಮನೆಯಲ್ಲಿ. ಆ ಲಿಪಿಯಿಲ್ಲದ ಯಂತ್ರದಲ್ಲಿ ಬಾಡಿಗೆದಾರರು ಕಾಣರು, ಮನೆಯ ಮಾಲೀಕರಷ್ಟೇ ಕಾಣುವರು. ಹುಡುಗನದು ತಪ್ಪೆನ್ನುವಂತಿಲ್ಲ, ಅವನು ಹುಟ್ಟಿ ಬೆಳೆಯುವ ಹೊತ್ತಿಗೆ ಯೂನಿಕೋಡ್ ಬಂದಿದ್ದಿತು. ಇಪ್ಪತ್ತು ವರ್ಷ ಈ ಅಕ್ಷರಗಳೊಡನೆ ಬಾಳಿದ ನಮ್ಮ ಮನೆಯವರು ಆ ವಿಚಿತ್ರ ಚಿಹ್ನೆಗಳನ್ನು ಲಿಪಿಯ ಸಹಾಯವಿಲ್ಲದೆಯೇ ಬೆರಳಿಟ್ಟು ಓದತೊಡಗಿದರು. ಅಂಗಡಿಯಲ್ಲಿದ್ದವರು ಸುತ್ತಲೂ ನೆರೆದರು.

ಎಲ್ಲ ಕಡತಗಳನ್ನೂ ಮನೆಗೆ ತಂದು, ಮಗಳ ಲ್ಯಾಪ್‌ಟಾಪಿನಲ್ಲಿ ನುಡಿಯನ್ನು ಹಾಕಿ, ‘ಒರಳುಕಲ್ಲು’ ಎಂಬ ಪದವನ್ನು ಹುಡುಕಲು ಕೊಟ್ಟೆವು. ಮೂರು ಕಡತಗಳು ಸಿಕ್ಕಿದುವು. ಎರಡು, ಅಧ್ಯಾಯವು ಅರ್ಧವಾಗಿದ್ದಾಗಿನ ಪ್ರತಿಗಳು. ಮೂರನೆಯದರಲ್ಲಿ ಹನ್ನೊಂದು ಪುಟಗಳೂ ಇದ್ದುವು. ಆದರೆ ಒಂಬತ್ತನೆಯ ಪುಟದ ಮಧ್ಯದಲ್ಲಿ ಏನೂ ಇರಲಿಲ್ಲ. ಆ ಡಿಸ್ಕಿನಲ್ಲಿ ಒಂದು ತುಣುಕೆಂದರೆ 512 ಚಿಹ್ನೆಗಳ ಸ್ಥಳ. ಅಂತಹ ಎರಡು ತುಣುಕುಗಳು ಓದಲಾಗದೆ ಹೋಗಿದ್ದುವು. ಸುಮಾರು ಹದಿನೆಂಟು ಸಾಲು. ಆಕೆಯ ಕೊನೆಯ ಕಾಯಿಲೆಯ ಪ್ರಸಂಗವದು. ನಮ್ಮ ಮನೆಯವರು ಎರಡು ದಿವಸ ಕುಳಿತು ನೆನಪು ಮಾಡಿಕೊಂಡು ಆರೇಳು ಸಾಲು ಬರೆದರು; ಬಳಿಕ, “ಇದು ನನ್ನ ಮಾತಾಯಿತು, ಅವರದಲ್ಲ” ಎಂದು ಹರಿದುಹಾಕಿದರು.

ಈಗ ನಮ್ಮಲ್ಲಿ ತಿರುಗುವ ತಟ್ಟೆಯಿಲ್ಲದ ಎಸ್.ಎಸ್.ಡಿ. ಬಂದಿದೆ. ಶಬ್ದವಿಲ್ಲ, ವೇಗ ಹೆಚ್ಚು. ಆದರೆ ಅದು ಕೆಡುವಾಗ ಟಿಕ್ ಟಿಕ್ ಎಂದು ಮುನ್ಸೂಚನೆಯನ್ನೂ ಕೊಡಲಾರದು. ಅದರಲ್ಲಿ ಅಳಿಸಿದ ಕಡತವನ್ನು ಮರಳಿ ಪಡೆಯುವ ಆಸೆಯೂ ಬಹಳ ಕಡಿಮೆ. ಆದಕಾರಣ ನಕಲು ಮಾಡುವ ಕೆಲಸವು ತಿಂಗಳಿನಿಂದ ದಿನಕ್ಕೆ ಇಳಿದಿದೆ. ದೀಪ ಹಚ್ಚುವ ಹೊತ್ತಿಗೆ ಆ ದಿನದ ಕಡತಗಳು ಹೊರಗಿನ ಡಿಸ್ಕಿಗೆ ಹೋಗುವುವು. ಇನ್ನೊಂದು ಡಿಸ್ಕು ಅರಸೀಕೆರೆಯಲ್ಲಿರುವ ನಾದಿನಿಯ ಮನೆಯ ಬೀರುವಿನಲ್ಲಿರುವುದು. ಹಬ್ಬಕ್ಕೆ ಹೋದಾಗ ಬದಲಾಯಿಸುವೆವು. ಒಂದೇ ಡಿಸ್ಕಿನ ಸಿ ಭಾಗದಿಂದ ಡಿ ಭಾಗಕ್ಕೆ ನಕಲು ಮಾಡಿ ನಿಶ್ಚಿಂತರಾಗಿರುವ ಸ್ನೇಹಿತರು ನಮಗೆ ಹಲವರುಂಟು. ಅಡಿಗೆಮನೆಯ ಬೆಲ್ಲವನ್ನು ನಡುಮನೆಗೆ ಸಾಗಿಸಿದರೆ ಮನೆಗೆ ಬಿದ್ದ ಬೆಂಕಿಯಿಂದ ಅದು ಹೇಗೆ ಉಳಿದೀತು? ಅಂತರ್ಜಾಲದಲ್ಲಿ ಗೂಗಲಿನವರು 15 ಜಿ.ಬಿ. ಸ್ಥಳವನ್ನು ಧರ್ಮಕ್ಕೆ ಕೊಡುವರು. ಆದರೆ 2021ರ ಜೂನಿನಿಂದ ಭಾವಚಿತ್ರಗಳೂ ಆ ಲೆಕ್ಕಕ್ಕೇ ಸೇರುವುದರಿಂದ, ಹಲಸಿನ ಮರಗಳನ್ನು ಅಲ್ಲಿಗೆ ಕಳುಹಿಸಲಿಲ್ಲ. ಬರವಣಿಗೆಯನ್ನು ಮಾತ್ರ ಕಳುಹಿಸುತ್ತೇವೆ. ಹಳೆಯ ಕಡತಗಳನ್ನೆಲ್ಲ ಯೂನಿಕೋಡಿಗೆ ಪರಿವರ್ತಿಸುವ ಕೆಲಸವೂ ನಡೆದಿದೆ. ಅದರಲ್ಲಿ ಕನ್ನಡದ ಒಂದೊಂದು ಚಿಹ್ನೆಯು ಸಾಮಾನ್ಯವಾಗಿ ಮೂರು ಬೈಟುಗಳನ್ನು ಹಿಡಿಯುವುದು. ಸ್ವಂತ ಮನೆಯ ಖರ್ಚು ಹೆಚ್ಚು, ಆದರೂ ಬಾಗಿಲಲ್ಲಿ ತನ್ನ ಹೆಸರೇ ಇರುವುದು.

ಮೇಷ್ಟರು ಆಸ್ಪತ್ರೆಯಿಂದ ಮನೆಗೆ ಬಂದ ತರುವಾಯ ನಾವಿಬ್ಬರೂ ಹೋಗಿ ಆ ಅಧ್ಯಾಯವನ್ನು ಓದಿ ಹೇಳಿದೆವು. ಒಂಬತ್ತನೆಯ ಪುಟಕ್ಕೆ ಬಂದಾಗ ನಮ್ಮ ಮನೆಯವರು ನಿಲ್ಲಿಸಿ, ಇಲ್ಲಿ ಹದಿನೆಂಟು ಸಾಲು ಹೋಗಿದೆಯೆಂದು ತಿಳಿಸಿದರು. ಅವರು ಬಹಳ ಹೊತ್ತು ಕಿಟಕಿಯ ಕಡೆಗೆ ನೋಡುತ್ತಿದ್ದು, ಎಡಗೈಯನ್ನು ಮೆಲ್ಲನೆ ಎತ್ತಿ ಮುಂದಕ್ಕೆ ಸರಿಸಿದರು. ಮುಂದೆ ಓದು ಎಂದು. ಪುಸ್ತಕವು ಈಗ ಅಚ್ಚಿಗೆ ಹೋಗಿದೆ. ಆ ಸ್ಥಳದಲ್ಲಿ ಒಂದು ಸಾಲು ಚುಕ್ಕೆಗಳನ್ನು ಇಟ್ಟಿದ್ದೇವೆ.